ಆಪರೇಷನ್‌ಗೆ ಮುಂಚೆ ಎಲ್ಲಾ ಇಂಜೆಕ್ಷನ್‌ಗೂ ಅಲರ್ಜಿ ಟೆಸ್ಟ್ ಮಾಡಿಸ್ಬೇಕಾ?

ಡೊಂಬಿವಲಿ_ಮಗಳು: ಅಮ್ಮಂಗೆ ಗಾಲ್‌ಬ್ಲ್ಯಾಡರ್ ಸ್ಟೋನ್, ಮುಂದಿನ ತಿಂಗಳು ಆಪರೇಷನ್. ನಾಲ್ಕೈದು ವರ್ಷದ ಹಿಂದೆ ಅಪೆಂಡಿಕ್ಸ್ ಆಪರೇಷನ್ನಲ್ಲಿ ಮತ್ತು ಬರೋ ಇಂಜೆಕ್ಷನ್ (ಅನಸ್ತೇಷಿಯಾ) ಕೊಟ್ಟ ಸ್ವಲ್ಪ ಹೊತ್ತಿಗೇ ಬಿಪಿ ಪೂರಾ ಬಿದ್ದು ಐಸಿಯುಗೆ ಹಾಕಿದ್ರು, ಡಿಸ್ಚಾರ್ಜ್ ಪೇಪರಲ್ಲಿ ಬರೀ "ಔಷಧಿ ಅಲರ್ಜಿ" ಅಂತ ಇದೆ, ಯಾವ ಔಷಧಿ ಅಂತ ಇಲ್ಲ. ತುಂಬಾ ಭಯ ಆಗ್ತಿದೆ.

ಮಾಟುಂಗಾ_ಮಾಮ: ಎಲ್ಲದಕ್ಕೂ ಟೆಸ್ಟ್ ಡೋಸ್ ಕೊಡ್ಲಿಕ್ಕೆ ಹೇಳಿ ಮಾರಾಯ್ತಿ. ಕೈಗೆ ಒಂದು ಚುಚ್ಚಿ ಗುಳ್ಳೆ ಬರ್ತದಾ ನೋಡ್ಲಿಕ್ಕೆ ಎಷ್ಟು ಹೊತ್ತು ಬೇಕು?

ಪುಣೆ_ಓಟಿ_ಸಿಸ್ಟರ್: ಮಾಮ, ವಾರ್ಡಲ್ಲಿ ಒಂದು ಆಂಟಿಬಯಾಟಿಕ್ ಚುಚ್ಚಿ ಗುಳ್ಳೆ ಬರ್ಲಿಲ್ಲ ಅಂದ್ರೆ ಎಲ್ಲಾ ಸೇಫ್ ಅಂತಲ್ಲ. ಆಪರೇಷನ್ ಹೊತ್ತಲ್ಲಿ ಆಗೋ ಜೀವಕ್ಕೆ ಅಪಾಯದ ಅಲರ್ಜಿ ಬಗ್ಗೆ ಬ್ರಿಟನ್ನಿನ 2018ರ ನ್ಯಾಪ್6 ವರದಿ ನೋಡಿ, ಕಾರಣ ಗೊತ್ತಾದ ಕೇಸುಗಳಲ್ಲಿ ಆಂಟಿಬಯಾಟಿಕ್ 47%, ಸ್ನಾಯು ಸಡಿಲ ಮಾಡೋ ಔಷಧಿ 33%, ಚರ್ಮ ಕ್ಲೀನ್ ಮಾಡೋ ಕ್ಲೋರ್‌ಹೆಕ್ಸಿಡಿನ್ 9%. ಮೊದ್ಲು ಹಳೇ ಅನಸ್ತೇಷಿಯಾ ಚಾರ್ಟ್ ತರ್ಸಿ, ಯಾವ ಔಷಧಿ ಎಷ್ಟು ಗಂಟೆಗೆ ಹೋಯ್ತು, ಬಿಪಿ ಯಾವಾಗ ಬಿತ್ತು ಅಂತ ಅದ್ರಲ್ಲಿರತ್ತೆ. ಅದನ್ನ ನೋಡಿ ಅಲರ್ಜಿ ಡಾಕ್ಟ್ರು ಯಾವ್ಯಾವುದಕ್ಕೆ ಟೆಸ್ಟ್ ಅಂತ ಹೇಳ್ತಾರೆ.

ವಾಸ್ಕೋ_ವಿಜಾಪುರ: ಅಕ್ಕಾರ, ಚಾರ್ಟ್ ಕೇಳಿದ್ರ ಕೊಡ್ತಾರೇನ್ರಿ? ನಮ್ಮ ಅಣ್ಣಂದು ಕೇಳಾಕ ಹೋದ್ರ ಇವತ್ತ ಬಾ ನಾಳೆ ಬಾ ಅಂತ ಅಡ್ಡಾಡಿಸಿದ್ರು. ಕೇಳಿದ 72 ತಾಸಿನಾಗ ಕೊಡಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮ ಐತಿ, ಆದ್ರ ಅದರಾಗ ಮೂರು ವರ್ಷ ಅಷ್ಟ ಇಟ್ಕೋಬೇಕಂತ. ಅಮ್ಮಾರದು ಅದಕ್ಕಿಂತ ಹಳೇದು. ಜೀವಕ್ಕ ಬಂದ ಔಷಧದ ಹೆಸರು ಆವತ್ತ ಬರದು ಕೈಯಾಗ ಕೊಡಬೇಕಿತ್ತು, ಪೇಷಂಟ್ ಯಾಕ ಹುಡುಕ್ಕೋತ ತಿರಗಬೇಕು?

ಪುಣೆ_ಓಟಿ_ಸಿಸ್ಟರ್: ನೂರಕ್ಕೆ ನೂರು ನಿಜ. ಅದು ಅಲರ್ಜಿನೇನಾ ಅಂತ ತಿಳಿಯೋಕೆ ಆಗ್ಲೇ ಟ್ರಿಪ್ಟೇಸ್ ಅಂತ ರಕ್ತ ಪರೀಕ್ಷೆ ಮಾಡ್ಬೇಕಿತ್ತು, ರಿಯಾಕ್ಷನ್ ಆದ ಕೆಲವೇ ಗಂಟೆ ಒಳಗೆ ರಕ್ತ ತಗೊಂಡ್ರೇ ಅದು ಉಪಯೋಗ, ಈಗ ಆಗಲ್ಲ. ಸ್ಕಿನ್ ಟೆಸ್ಟ್ ಈಗ್ಲೂ ಮಾಡ್ಬಹುದು, ಆಪರೇಷನ್ ಅರ್ಜೆಂಟ್ ಇಲ್ಲ ಅಂದ್ರೆ ಡೇಟ್ ಮುಂದೆ ಹಾಕಿ ಅಂತ ಧೈರ್ಯವಾಗಿ ಕೇಳಿ.

ಮಾಟುಂಗಾ_ಮಾಮ: ಅಂದ್ರೆ ಟೆಸ್ಟ್ ಬೇಕೇ ಆಯ್ತಲ್ಲ, ನಾನು ಹೇಳಿದ್ದೂ ಅದೇ.

ಪುಣೆ_ಓಟಿ_ಸಿಸ್ಟರ್: ಬೇಕು ಮಾಮ, ಆದ್ರೆ ಆಪರೇಷನ್ ದಿನ ಬೆಳಿಗ್ಗೆ ಅವಸರದಲ್ಲಿ ಚುಚ್ಚೋದಲ್ಲ.

ಡೊಂಬಿವಲಿ_ಮಗಳು: ಸಿಸ್ಟರ್, ಆಸ್ಪತ್ರೆಗೆ ಫೋನ್ ಮಾಡ್ದೆ, ಫೈಲ್ ಇಲ್ವಂತೆ. ಆದ್ರೆ ಇನ್ಶೂರೆನ್ಸ್‌ಗೆ ಕೊಟ್ಟಿದ್ದ ಮೆಡಿಕಲ್ ಸ್ಟೋರ್ ಬಿಲ್ಲಿನ ಜೆರಾಕ್ಸ್ ಮನೇಲಿದೆ, ಇಂಜೆಕ್ಷನ್ ಹೆಸ್ರೆಲ್ಲಾ ಇದೆ. ನಡೆಯತ್ತಾ?

ಪುಣೆ_ಓಟಿ_ಸಿಸ್ಟರ್: ಖಂಡಿತ ನಡೆಯತ್ತೆ! ಎಷ್ಟು ಗಂಟೆಗೆ ಕೊಟ್ರು ಅಂತ ಬಿಲ್ಲಲ್ಲಿ ಇರಲ್ಲ, ಆದ್ರೂ ಹೆಸರು ಸಿಕ್ಕಿದ್ದೇ ದೊಡ್ಡದು. ಅನಸ್ತೇಷಿಯಾ ಡಾಕ್ಟ್ರಿಗೆ ನೀವೇ ಕೈಯಲ್ಲಿ ಕೊಡಿ, ಕ್ಲೋರ್‌ಹೆಕ್ಸಿಡಿನ್ ಬಿಲ್ಲಲ್ಲಿ ಇಲ್ದೆ ಇರಬಹುದು, ಅದಕ್ಕೂ ಟೆಸ್ಟ್ ಬೇಕಾ ಅಂತ ಬಾಯಿಬಿಟ್ಟು ಕೇಳಿ.