ಮೆದುಳಿನಲ್ಲಿ ಗಡ್ಡೆ ಇದ್ದರೆ ಕೊಲೆಯ ತಪ್ಪು ಯಾರದು?

ಪ್ರಶ್ನೆ: ಹಾಸನದ ಓದುಗ

1966ರ ಆಗಸ್ಟ್ 1ರಂದು ಅಮೆರಿಕದ ಆಸ್ಟಿನ್‌ನಲ್ಲಿ ಚಾರ್ಲ್ಸ್ ವಿಟ್‌ಮನ್ ಎಂಬುವನು ತಾಯಿ, ಹೆಂಡತಿ ಇಬ್ಬರನ್ನೂ ಕೊಂದ. ಆಮೇಲೆ ವಿಶ್ವವಿದ್ಯಾಲಯದ ಗೋಪುರ ಹತ್ತಿ ಕಂಡವರಿಗೆಲ್ಲ ಗುಂಡು ಹೊಡೆದ. ಸತ್ತ ಮೇಲೆ ನನ್ನ ಮೆದುಳು ಪರೀಕ್ಷೆ ಮಾಡಿ ಅಂತ ಮೊದಲೇ ಬರೆದಿಟ್ಟಿದ್ದ. ಪರೀಕ್ಷೆ ಮಾಡಿದರೆ ನಿಜಕ್ಕೂ ಗಡ್ಡೆ ಇತ್ತು! ಅದನ್ನೇನು ಅವನು ಕೇಳಿ ಪಡೆದನಾ? ಹಾಗೆ ನೋಡಿದರೆ ಹುಟ್ಟಿದ ಮನೆ, ತಲೆಯೊಳಗಿನ ಮೆದುಳು ಯಾವುದೂ ನಮ್ಮ ಆಯ್ಕೆಯಲ್ಲ. ಮತ್ತೆ ಶಿಕ್ಷೆ ಯಾವ ಲೆಕ್ಕಕ್ಕೆ?

ಮಲೆನಾಡಿಗ

ಕದ್ದವನದು ಹಣೆಬರಹ ಅಂದರೆ ಜೈಲಿಗೆ ಹಾಕುವ ಜಡ್ಜ್‌ದೂ ಹಣೆಬರಹವೇ ಅಲ್ವಾ? ಸುಮ್ನೆ ತಲೆ ಕೆಡಿಸ್ಕೋಬೇಡಿ.

ಧಾರವಾಡದ ವಕೀಲ

ಗಡ್ಡೆ ಇತ್ತು, ನಿಜ. ಆದರೆ ಅದೇ ಕಾರಣ ಅಂತ ಆಗ ನೋಡಿದ ತಜ್ಞರೂ ಖಚಿತವಾಗಿ ಹೇಳಲಿಲ್ಲ. ನಮ್ಮ ಕೋರ್ಟಂತೂ ಕಾರಣ ಕೇಳುವುದೇ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೇ ಐಪಿಸಿ 84, ಕೇಳುವುದು ಇಷ್ಟೇ: ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ, ಅದು ತಪ್ಪು ಅಂತ ಅವನಿಗೆ ತಿಳಿಯುತ್ತಿತ್ತಾ? ಇದರ ಬೇರು 1843ರ ಇಂಗ್ಲೆಂಡಿನ ಮೆಕ್‌ನಾಟನ್ ಕೇಸಿನಲ್ಲಿದೆ.

ನಾನು ಜೂನಿಯರ್ ಆಗಿದ್ದಾಗಿನ ಒಂದು ಕೇಸು. ಆರೋಪಿಗೆ ವರ್ಷಗಟ್ಟಲೆ ಮಾನಸಿಕ ಚಿಕಿತ್ಸೆ ನಡೆದಿತ್ತು. ಆಸ್ಪತ್ರೆ ಚೀಟಿಗಳ ಕಟ್ಟೇ ಇತ್ತು. ಸರ್ಕಾರಿ ವಕೀಲರು ಒಂದೇ ಪ್ರಶ್ನೆ ಹಿಡಿದರು: "ಏನೂ ತಿಳಿಯದವನು ಕುಡುಗೋಲು ತೊಳೆದು ಬಣವೆಯಲ್ಲಿ ಯಾಕೆ ಬಚ್ಚಿಟ್ಟ?" ಅಲ್ಲಿಗೆ ಮುಗಿಯಿತು. ಕಾಯಿಲೆ ಇದೆ ಅಂತ ಡಾಕ್ಟರ್ ಹೇಳಿದರೆ ಸಾಲದು, ಕಾನೂನಿನ ಲೆಕ್ಕದ ಬುದ್ಧಿಭ್ರಮಣೆ ಬೇರೆ. ಅದನ್ನು ತೋರಿಸುವ ಹೊಣೆಯೂ ಆರೋಪಿಯದೇ.

ಹಾಸನದ ಓದುಗ

ತಪ್ಪು ಅಂತ ಗೊತ್ತು, ಆದರೂ ಕೈ ತಡೆಯಲಾಗಲಿಲ್ಲ ಅಂದರೆ ಸರ್?

ಧಾರವಾಡದ ವಕೀಲ

ಅದೊಂದಕ್ಕೇ ನಮ್ಮಲ್ಲಿ ಬಿಡುಗಡೆ ಸಿಗಲ್ಲ. ನನ್ನ ಪ್ರಕಾರ ಕಾನೂನಿನ ದೊಡ್ಡ ತೂತು ಅದೇ. ನಿಮ್ಮ ಪ್ರಶ್ನೆಗೆ ಜಾಗ ಸಿಗುವುದು ಅಪರಾಧ ಸಾಬೀತಾದ ಮೇಲೆ, ಶಿಕ್ಷೆ ಎಷ್ಟು ಅನ್ನುವಾಗ. ಗಲ್ಲು ಕೊಡಬೇಕೇ ಅನ್ನುವಾಗ ಅಪರಾಧ ಮಾತ್ರ ಅಲ್ಲ, ಅಪರಾಧಿಯನ್ನೂ ನೋಡಿ ಅಂತ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ಹೇಳಿತು. ಅದೇ ಕೋರ್ಟಿನ 2022ರ ಮನೋಜ್ ತೀರ್ಪಿನ ನಂತರ ಅಂಥ ಕೇಸಿನಲ್ಲಿ ಅವನು ಬೆಳೆದ ಮನೆ, ಮನಸ್ಸಿನ ಸ್ಥಿತಿ, ಜೈಲಿನಲ್ಲಿ ಹೇಗಿದ್ದಾನೆ, ಇದೆಲ್ಲದರ ವರದಿ ತರಿಸಬೇಕು. ಉಳಿದ ಕೇಸುಗಳಲ್ಲಿ ಇಂಥ ವರದಿ ಜಡ್ಜ್ ಮೇಜಿಗೆ ಬಂದದ್ದನ್ನು ನಾನಂತೂ ನೋಡಿಲ್ಲ.