ಚೀನಾದ ಸಾದಾ ಮನೆ ಅಡುಗೆ ಕಲಿಯಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಗಾಡಿಯಲ್ಲಿ ಸಿಗುವ ಗೋಬಿ ಮಂಚೂರಿ ಅಲ್ಲ, ಚೀನಾದವರು ಮನೆಯಲ್ಲಿ ದಿನಾ ಮಾಡಿಕೊಳ್ಳುವ ಅಡುಗೆ ಕಲಿಯಬೇಕು ಅಂತ ತುಂಬಾ ಆಸೆ. ಟೊಮೆಟೊ-ಮೊಟ್ಟೆ ಈಗ ಚೆನ್ನಾಗಿ ಬರುತ್ತಿದೆ. ಮೊಟ್ಟೆಯನ್ನು ಮೆತ್ತಗಿರುವಾಗಲೇ ತೆಗೆದಿಟ್ಟು, ಟೊಮೆಟೊ ಕರಗಿ ರಸ ಬಿಟ್ಟಮೇಲೆ ಚಿಟಿಕೆ ಸಕ್ಕರೆ ಹಾಕಿ, ಮತ್ತೆ ಮೊಟ್ಟೆ ಸೇರಿಸುತ್ತೇನೆ. ಬಿಸಿ ಅನ್ನಕ್ಕೆ ಬಹಳ ರುಚಿ!

ತೊಂದರೆ ಇರುವುದು ಎಗ್ ಫ್ರೈಡ್ ರೈಸ್‌ನಲ್ಲಿ. ಹಿಂದಿನ ದಿನದ ಅನ್ನವನ್ನು ಫ್ರಿಜ್‌ನಲ್ಲಿಟ್ಟು ಬಳಸಿದರೂ ಸೋನಾ ಮಸೂರಿ ತಳಕ್ಕೆ ಅಂಟಿ ಮುದ್ದೆಯಾಗುತ್ತದೆ. ನಮ್ಮದು ಇಂಡಕ್ಷನ್ ಒಲೆ, ಚಪ್ಪಟೆ ತಳದ ಕಬ್ಬಿಣದ ಬಾಣಲೆ. ಬಾಣಲೆ ಹೊಗೆಯಾಡುವಷ್ಟು ಕಾಯಬೇಕಾ? ಒಂದು ಸಲಕ್ಕೆ ಎಷ್ಟು ಅನ್ನ ಹಾಕುತ್ತೀರಿ? ಉಪ್ಪಿಗೆ ಲೈಟ್ ಸೋಯಾ ಸಾಸ್, ಬಣ್ಣಕ್ಕೆ ಡಾರ್ಕ್ ಸೋಯಾ ಸಾಸ್ ಸರಿ, ಆದರೆ ಇಬ್ಬರಿಗೆ ಎಷ್ಟು ಚಮಚ ಸಾಕು? ಇಂಡಕ್ಷನ್‌ನಲ್ಲೇ ಮಾಡುವವರು ಇದ್ದರೆ ದಯವಿಟ್ಟು ಸ್ವಲ್ಪ ವಿವರವಾಗಿ ತಿಳಿಸಿ.