ಕೆಲಸದ ಮೇಲೆ ಗದಗಿಗೆ ಬರುವವರು ಕಾಲ್ನಡಿಗೆಯಲ್ಲಿ ಏನೇನು ನೋಡಬಹುದು?

ಪ್ರಶ್ನೆ (ಹಾವೇರಿಯಿಂದ):

ಎಲ್ಲರಿಗೂ ನಮಸ್ಕಾರ. ಲೆಕ್ಕಪರಿಶೋಧನೆಯ ಕೆಲಸಕ್ಕಾಗಿ ಮುಂದಿನ ವಾರ ಗದಗಿನಲ್ಲಿ ತಂಗಲಿದ್ದೇನೆ. ಕಚೇರಿಯ ಕೆಲಸ ಹತ್ತು ಗಂಟೆಗೆ ಆರಂಭವಾಗಿ ಸಂಜೆ ಆರಕ್ಕೆ ಮುಗಿಯುವುದರಿಂದ ನನಗೆ ಸಿಗುವುದು ಬೆಳಗಿನ ಹೊತ್ತು, ಸಂಜೆಯ ಸ್ವಲ್ಪ ಸಮಯ ಮತ್ತು ವಾರದ ಕೊನೆಯ ರವಿವಾರ. ಊರನ್ನು ವಾಹನದಲ್ಲಿ ಸುತ್ತಿ ಬರುವುದಕ್ಕಿಂತ ನಡೆದು ನೋಡಬೇಕೆಂಬ ಆಸೆಯಿದೆ. ಕುಮಾರವ್ಯಾಸನ ಭಾರತವನ್ನು ಗಮಕದಲ್ಲಿ ಕೇಳುತ್ತ ಬೆಳೆದ ನನಗೆ ವೀರನಾರಾಯಣನ ಗುಡಿಯಂತೂ ಬಿಡುವಂತಿಲ್ಲ. ಅದರ ಜೊತೆಗೆ ಇನ್ನೇನು ನೋಡಬೇಕು, ಹತ್ತಿರದ ಹಳೆಯ ಗುಡಿಗಳ ಊರಾದ ಲಕ್ಕುಂಡಿಯನ್ನು ಒಂದು ಬೆಳಗಿನಲ್ಲಿ ಮುಗಿಸಬಹುದೇ ಎಂದು ಅಲ್ಲಿಯವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಗದಗಿನ ನಿವೃತ್ತ ಇತಿಹಾಸ ಅಧ್ಯಾಪಕರು):

ತಮ್ಮ ಬೆಳಗಿನ ಹೊತ್ತನ್ನು ಹಲವು ಜಾಗಗಳಿಗೆ ಹಂಚದೆ, ಮೊದಲ ಬೆಳಗನ್ನು ಪೂರ್ತಿಯಾಗಿ ತ್ರಿಕೂಟೇಶ್ವರ ದೇವಾಲಯಕ್ಕೇ ಕೊಡಿ ಎಂಬುದು ನನ್ನ ಸಲಹೆ. ಇಲ್ಲಿಗೆ ಬರುವ ಹೆಚ್ಚಿನವರು ಗರ್ಭಗುಡಿಯಲ್ಲಿ ಒಂದೇ ಪೀಠದ ಮೇಲಿರುವ ಬ್ರಹ್ಮ, ವಿಷ್ಣು, ಮಹೇಶ್ವರರ ಮೂರು ಲಿಂಗಗಳಿಗೆ ಕೈಮುಗಿದು ಹೊರಟುಬಿಡುತ್ತಾರೆ. ಅದೇ ಆವರಣದಲ್ಲಿರುವ ಸರಸ್ವತಿ ಗುಡಿಯ ಮುಂದೆ ನಿಲ್ಲುವವರು ಕಡಿಮೆ. ಆ ಗುಡಿಯ ಕಂಬಗಳನ್ನು ದಯವಿಟ್ಟು ಹತ್ತಿರದಿಂದ ನೋಡಿ. ಬಾದಾಮಿಯ ಕಾಲದ ಮರಳುಗಲ್ಲನ್ನು ಬಿಟ್ಟು ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮೆದುವಾದ ಬಳಪದ ಕಲ್ಲಿಗೆ ಬಂದದ್ದರಿಂದಲೇ ಇಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ತಿರುಗಣೆಯಲ್ಲಿ ಕಡೆದ ಕಂಬಗಳ ಮೇಲೆ ಉಂಗುರದಂತೆ ಸುತ್ತುವರಿದ ಏಣುಗಳು ಒಂದರ ಕೆಳಗೊಂದು ಎಷ್ಟು ಹರಿತವಾಗಿ ಉಳಿದಿವೆಯೆಂದರೆ, ಬೆಳಕು ಓರೆಯಾಗಿ ಬಿದ್ದಾಗ ಪ್ರತಿಯೊಂದರ ನೆರಳನ್ನೂ ಬೇರೆಯಾಗಿ ಗುರುತಿಸಬಹುದು. ಒಳಗಿನ ಸರಸ್ವತಿಯ ಮೂರ್ತಿ ಭಗ್ನವಾಗಿದೆ. ಆದರೂ ಆಕೆಯ ಆಭರಣಗಳ ಕುಸುರಿಯನ್ನು ನೋಡಿದರೆ ಶಿಲ್ಪಿಯ ಕೈ ಎಂಥದ್ದೆಂದು ತಿಳಿಯುತ್ತದೆ.

ಈ ದೇವಾಲಯಕ್ಕೆ ಹೊಯ್ಸಳ ಎರಡನೆಯ ವೀರಬಲ್ಲಾಳನು 1192ರಲ್ಲಿ ದತ್ತಿ ಕೊಟ್ಟದ್ದು ಇಲ್ಲಿಯ ಶಾಸನದಿಂದ ತಿಳಿಯುತ್ತದೆ. ದೇವಗಿರಿಯ ಸೇವುಣ (ಯಾದವ) ಅರಸರನ್ನು ಸೋಲಿಸಿದ ಮೇಲೆ ಅವನು ಬೀಡು ಬಿಟ್ಟದ್ದು ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ. ಆದ್ದರಿಂದ ಗದಗು ಮತ್ತು ಲಕ್ಕುಂಡಿಯನ್ನು ಒಂದೇ ಕಥೆಯ ಎರಡು ಭಾಗಗಳೆಂದು ನೋಡುವುದು ಒಳ್ಳೆಯದು. ಈ ಕಾರಣಕ್ಕಾಗಿಯೇ ಲಕ್ಕುಂಡಿಯನ್ನು ಒಂದು ಬೆಳಗಿನಲ್ಲಿ ಮುಗಿಸುವ ಯೋಚನೆಗೆ ನನ್ನ ಒಪ್ಪಿಗೆಯಿಲ್ಲ. ರವಿವಾರವನ್ನು ಅದಕ್ಕೇ ಇಟ್ಟುಕೊಳ್ಳಿ.

ಉತ್ತರ 2 (ಬೆಟಗೇರಿಯಿಂದ):

ಗುರುಗಳು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ವೀರನಾರಾಯಣ ಗುಡಿಗೆ ಎರಡನೆಯ ಬೆಳಗು ಹೋಗಿ, ಏಕೆಂದರೆ ಅದು ನಿತ್ಯಪೂಜೆ ನಡೆಯುವ ಗುಡಿಯಾದ್ದರಿಂದ ಮಧ್ಯಾಹ್ನ ಬಾಗಿಲು ಹಾಕಿರಬಹುದು. ನಾರಣಪ್ಪ, ಅಂದರೆ ಕುಮಾರವ್ಯಾಸ, ಕುಳಿತು ಭಾರತವನ್ನು ರಚಿಸಿದನೆಂದು ಊರಿನವರು ನಂಬುವ ಕಂಬವನ್ನು ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಗಮಕ ಕೇಳಿದವರಾದ್ದರಿಂದ ನೆನಪಿರುವ ಒಂದು ಷಟ್ಪದಿಯನ್ನು ಆ ಕಂಬದ ಬಳಿ ಮೆಲ್ಲಗೆ ಹೇಳಿಕೊಳ್ಳಿ. ಕವಿಯ ಅಂಕಿತವಾದ ವೀರನಾರಾಯಣನೇ ಎದುರಿನ ಗರ್ಭಗುಡಿಯಲ್ಲಿ ನಿಂತಿರುವಾಗ ಆ ಪದ್ಯ ಕೇಳಿಸುವ ರೀತಿಯೇ ಬೇರೆ. ಹತ್ತಿರದಲ್ಲೇ ಜುಮ್ಮಾ ಮಸೀದಿಯಿದೆ. ತ್ರಿಕೂಟೇಶ್ವರ, ವೀರನಾರಾಯಣ ಮತ್ತು ಈ ಮಸೀದಿ ಮೂರಕ್ಕೂ ಒಂದೇ ಆಡಳಿತ ಮಂಡಳಿ ಇರುವುದು ನಮ್ಮ ಊರಿನವರು ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿ.

ಸಂಜೆಗೆ ವೀರೇಶ್ವರ ಪುಣ್ಯಾಶ್ರಮವನ್ನು ತಪ್ಪಿಸಬೇಡಿ. ಪಂಚಾಕ್ಷರಿ ಗವಾಯಿಗಳು ಕಟ್ಟಿ, 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿಯುತ್ತಾರೆ. ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ ಸಾಧನೆ ನಡೆದಿದ್ದರೆ ಮಾತಾಡದೆ ಸ್ವಲ್ಪ ಹೊತ್ತು ಕುಳಿತು ಕೇಳಿ. ಗದಗಿಗೆ ಅಂಟಿಕೊಂಡೇ ಇರುವ ನಮ್ಮ ಬೆಟಗೇರಿಯ ಕಡೆಗೆ ಬಂದರೆ ಹಳೆಯ ವೀರಗಲ್ಲುಗಳಿವೆ, ನೇಕಾರರ ಓಣಿಗಳಿವೆ. ನಡೆದು ಹಸಿವಾದರೆ ಮಂಡಕ್ಕಿಯ ಗಿರ್ಮಿಟ್ ಮತ್ತು ಮಿರ್ಚಿ ಬಜ್ಜಿ ಎಲ್ಲೆಡೆಯೂ ಸಿಗುತ್ತವೆ.

ಉತ್ತರ 3 (ಲಕ್ಕುಂಡಿಯಿಂದ):

ನಮ್ಮೂರು ಗದಗಿನಿಂದ ಸುಮಾರು 12 ಕಿ.ಮೀ. ದೂರ, ಕೊಪ್ಪಳದ ರಸ್ತೆಯಲ್ಲಿದೆ. ಬಸ್ ಹತ್ತುವ ಮೊದಲು ಲಕ್ಕುಂಡಿಯಲ್ಲಿ ನಿಲ್ಲಿಸುತ್ತಾರೆಯೇ ಎಂದು ಕಂಡಕ್ಟರರನ್ನು ಕೇಳಿಕೊಳ್ಳಿ. ಇಳಿದ ಮೇಲೆ ವಾಹನದ ಅಗತ್ಯವೇ ಬೀಳುವುದಿಲ್ಲ. ಮನೆಗಳ ನಡುವೆಯೇ ಗುಡಿಗಳು, ಬಾವಿಗಳು ಹರಡಿಕೊಂಡಿವೆ.

ಮೊದಲು ಬ್ರಹ್ಮ ಜಿನಾಲಯಕ್ಕೆ ಬನ್ನಿ. ರನ್ನನಿಗೆ ಆಶ್ರಯ ಕೊಟ್ಟ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ ಅದು. ಒಳಗೆ ನಾಲ್ಕು ಮುಖದ ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳಿವೆ. ಆಮೇಲೆ ಕಾಶಿವಿಶ್ವೇಶ್ವರ ಗುಡಿ: ಒಂದೇ ಜಗಲಿಯ ಮೇಲೆ ಶಿವನ ಗುಡಿಯೂ ಸೂರ್ಯನ ಗುಡಿಯೂ ಎದುರುಬದುರಾಗಿ ನಿಂತಿವೆ, ಅದರ ಬಾಗಿಲುವಾಡದ ಕೆತ್ತನೆಯ ಮುಂದೆ ತಮಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಕೊನೆಗೆ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ. ಅದರ ಮೆಟ್ಟಿಲುಗಳ ಮಗ್ಗುಲಿನ ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಗಳಂತಹ ಗೂಡುಗಳಿವೆ. ಮೇಲಿನಿಂದ ಫೋಟೋ ತೆಗೆದು ಹೋಗುವವರಿಗೆ ಅವು ಸರಿಯಾಗಿ ಕಾಣುವುದಿಲ್ಲ. ಮಳೆಯಾಗಿದ್ದರೆ ಕಲ್ಲು ಜಾರುತ್ತದೆ, ಗೋಡೆ ಹಿಡಿದು ನಿಧಾನವಾಗಿ ಇಳಿಯಿರಿ.